ಹಾರ್ಮೋನ್ ಪ್ಯಾಕೇಜ್ ನಂಬ್ಕೊಂಡು 8 ತಿಂಗಳು ಕಳ್ಕೊಂಡೆ, ದಯವಿಟ್ಟು ಓದಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದ್ದೀನಿ. ಒಂದು ಚಾರ್ಜರ್ ತಗೊಳ್ಳೋಕೂ ನಾಲ್ಕು ಕಡೆ ರಿವ್ಯೂ ನೋಡೋಳು ನಾನು, ನನ್ನ ಮೈ ವಿಷಯಕ್ಕೆ ಬಂದಾಗ ಮಾತ್ರ ಒಂದು ಜಾಹೀರಾತು ನೋಡಿ ಫಾರ್ಮ್ ತುಂಬಿಬಿಟ್ಟೆ. ಹಾರ್ಮೋನ್ ಬ್ಯಾಲೆನ್ಸ್ ಕ್ಲಿನಿಕ್ ಅಂತೆ. ಹೆಸರು ಹಾಕಲ್ಲ. ಹಾಕಿದ್ರೆ ನನಗೆ ನೋಟಿಸ್ ಬರುತ್ತೆ, ಮತ್ತೆ ಇಂಥವರು ಒಬ್ಬರೇ ಇದಾರಾ?

ನನಗೆ ಆಗ್ತಿದ್ದದ್ದು ಇಷ್ಟು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಅಂತ ಹೊಡ್ಕೊಳ್ಳೋದು, ತಲೆ ಸಿಡಿದು ಹೋಗೋ ಥರ ನೋವು, ಬಟ್ಟೆ ಹಿಂಡಿದ್ರೆ ನೀರು ಬರೋವಷ್ಟು ಬೆವರು. ಮುಖ ಕೆಂಪಾಗಲ್ಲ, ಬಿಳುಚ್ಕೊಳ್ಳುತ್ತೆ. 20 ನಿಮಿಷ, ಕೆಲವು ಸಲ 40 ನಿಮಿಷ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ನಿಂತುಹೋಗುತ್ತೆ. ಇನ್ನೊಂದು ವಿಷಯ, ನೆಲಕ್ಕೆ ಬಿದ್ದ ಪೆನ್ ಎತ್ಕೊಳ್ಳೋಕೆ ಬಗ್ಗಿದ್ರೆ ಸಾಕು, ಶುರು. ಚಪ್ಪಲಿ ಪಟ್ಟಿ ಹಾಕ್ಕೊಳ್ಳೋಕೆ ಬಗ್ಗಿದ್ರೆ ಶುರು. ಈ ಬಗ್ಗೋದು ಅನ್ನೋ ಮಾತು ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ ಅದಕ್ಕೆ.

ಮನೇಲಿ ಎಲ್ಲರೂ ಟೆನ್ಶನ್ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಇವರ ಜಾಹೀರಾತು ಕಣ್ಣಿಗೆ ಬಿತ್ತು: "ನಿಮ್ಮ ಡಾಕ್ಟರ್ ಕಂಡುಹಿಡಿಯದ್ದನ್ನ ನಾವು ಕಂಡುಹಿಡೀತೀವಿ". 52 ಟೆಸ್ಟ್ ಒಂದೇ ಪ್ಯಾಕೇಜಲ್ಲಿ. ಥೈರಾಯ್ಡ್, ಈಸ್ಟ್ರೋಜನ್, ಟೆಸ್ಟೋಸ್ಟಿರೋನ್, ವಿಟಮಿನ್‌ಗಳು, ದಿನಕ್ಕೆ ನಾಲ್ಕು ಸಲ ಎಂಜಲು ತೆಗೆದು ಕಾರ್ಟಿಸೋಲ್ (ಅಡ್ರೀನಲ್ ಗ್ರಂಥಿ ಮಾಡೋ ಒಂದು ಹಾರ್ಮೋನ್). 52 ಅಂದಾಗ ನಿಜ ಹೇಳ್ತೀನಿ ಸಮಾಧಾನ ಆಯ್ತು, ಇಷ್ಟೆಲ್ಲ ನೋಡಿದ ಮೇಲೆ ಏನು ತಪ್ಪಿಸಿಕೊಳ್ಳುತ್ತೆ ಅಂತ. 14 ಪೇಜ್ ರಿಪೋರ್ಟ್ ಬಂತು, ಕಲರ್ ಕಲರ್ ಗ್ರಾಫ್. ಕೊನೇ ಪೇಜಲ್ಲಿ ದಪ್ಪ ಅಕ್ಷರದಲ್ಲಿ "ಅಡ್ರೀನಲ್ ಫಟೀಗ್, ಸ್ಟೇಜ್ 2". ಅಡ್ರೀನಲ್ ಗ್ರಂಥಿಗಳು ಸುಸ್ತಾಗಿವೆಯಂತೆ! ಆರು ತಿಂಗಳು "ಅಡ್ರೀನಲ್ ಸಪೋರ್ಟ್" ಕ್ಯಾಪ್ಸೂಲ್ ತಗೊಳ್ಳಿ ಅಂದ್ರು, ತಗೊಂಡೆ. ಖುಷಿಯಿಂದ ತಗೊಂಡೆ, ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಅಂತ.

ಆ ಹೆಸರಿನ ಕಾಯಿಲೆನೇ ಇಲ್ಲ ಸ್ವಾಮಿ. 1998ರಲ್ಲಿ ಹುಟ್ಟಿಸಿದ ಪದ ಅದು, ಎಂಡೋಕ್ರೈನ್ (ಅಂದ್ರೆ ಹಾರ್ಮೋನ್) ಡಾಕ್ಟರ್‌ಗಳ ಸಂಘಗಳು ಅದನ್ನ ಒಪ್ಪೋದೇ ಇಲ್ಲ. ಅಡ್ರೀನಲ್ ನಿಜವಾಗ್ಲೂ ಕೈಕೊಟ್ಟರೆ ಅದಕ್ಕೆ ಅಡಿಸನ್ಸ್ ಅಂತ 1855ರಿಂದ ಗೊತ್ತಿರೋ ಕಾಯಿಲೆ ಇದೆ, ಅದನ್ನ ಪತ್ತೆ ಮಾಡೋ ಬೇರೆ ಟೆಸ್ಟ್ ಇದೆ. ಎಂಜಲಿನ ಕಾರ್ಟಿಸೋಲ್ ಟೆಸ್ಟೂ ಸುಳ್ಳಲ್ಲ, ರಾತ್ರಿ ಮಲಗೋ ಹೊತ್ತಿನ ಸ್ಯಾಂಪಲ್ ಕಾರ್ಟಿಸೋಲ್ ಜಾಸ್ತಿ ಆಗೋ ಕುಶಿಂಗ್ಸ್ ಅನ್ನೋ ಕಾಯಿಲೆ ಹುಡುಕೋಕೆ ಉಪಯೋಗಕ್ಕೆ ಬರುತ್ತೆ. ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿದ್ದಿದ್ರೆ!

ಎರಡನೇ ತಿಂಗಳಲ್ಲಿ ಮನೆಗೆ ಬಿಪಿ ಮೆಷಿನ್ ತಂದೆ. ಅಟ್ಯಾಕ್ ಬಂದಾಗ 212/124. ಮುಕ್ಕಾಲು ಗಂಟೆ ಬಿಟ್ಟು 118/76. ಎರಡರದ್ದೂ ಫೋಟೋ ತೆಗೆದು ಅವರ ಕೋಆರ್ಡಿನೇಟರ್‌ಗೆ ವಾಟ್ಸಾಪ್ ಮಾಡಿದೆ. ಉತ್ತರ: "ಮ್ಯಾಮ್ ಮೆಷಿನ್ ಕ್ಯಾಲಿಬ್ರೇಶನ್ ಚೆಕ್ ಮಾಡಿಸಿ." ಮಾಡಿಸಿದೆ, ಮೆಷಿನ್ ಸರಿ ಇತ್ತು. ಮತ್ತೆ ಕಳಿಸಿದೆ. "ಮ್ಯಾಮ್ ಇದು ಹೀಲಿಂಗ್ ಕ್ರೈಸಿಸ್, ಗುಡ್ ಸೈನ್, ಬಾಡಿ ಅಡ್ಜಸ್ಟ್ ಆಗ್ತಿದೆ." ಗುಡ್ ಸೈನ್ ಅಂತೆ! 212 ಬಿಪಿಗೆ ಒಂದು ಸ್ಮೈಲಿ ಬೇರೆ. ಬಗ್ಗಿದಾಗ ಜಾಸ್ತಿ ಆಗುತ್ತೆ ಅಂತ ಬರೆದದ್ದಕ್ಕೆ "ಕೋರ್ ಸ್ಟ್ರೆಂತ್ ವೀಕ್ ಇದೆ ಮ್ಯಾಮ್, ಎಕ್ಸರ್ಸೈಜ್ ವಿಡಿಯೋ ಕಳಿಸ್ತೀನಿ" ಅಂದ್ಲು. ಕಳಿಸಿದ್ಲು ಕೂಡ. ನಾನು ಮಾಡಿದೆ ಕೂಡ, ದಿನಾ ಬಗ್ಗಿ ಎದ್ದು ಬಗ್ಗಿ ಎದ್ದು. ಈಗ ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ಇದಕ್ಕಿಂತ ನಾಚಿಕೆ ವಿಷಯ, ಆ ಟೈಮಲ್ಲೇ ನಮ್ಮಕ್ಕನಿಗೂ ಸೇರಿಸಿದೆ. ಅವಳಿಗೆ ಬರೀ ಸುಸ್ತು ಇತ್ತು. ರೆಫರಲ್ ಡಿಸ್ಕೌಂಟ್ ಸಿಗುತ್ತೆ ಅಂತ ನಾನೇ ಲಿಂಕ್ ಕಳಿಸಿದ್ದು. ಅವಳಿಗೂ ಅದೇ "ಸ್ಟೇಜ್ 2".

ಆರು ತಿಂಗಳು ಮುಗೀತು, ಕಮ್ಮಿ ಆಗ್ಲಿಲ್ಲ, ರಿನ್ಯೂ ಮಾಡಿಸಿದೆ (ಹೌದು, ರಿನ್ಯೂ ಮಾಡಿಸಿದೆ, ಬೈಬೇಡಿ). ಎಂಟನೇ ತಿಂಗಳಲ್ಲಿ ಅವರ ಡಾಕ್ಟರ್ ವಿಡಿಯೋ ಕಾಲ್‌ಗೆ ಬಂದ್ರು, ಲೆಕ್ಕ ಹಾಕಿ ಆರು ನಿಮಿಷ. ಎದೆಬಡಿತ ಆಂಗ್ಸೈಟಿಯಿಂದ, ಪ್ರೊಪ್ರನೊಲಾಲ್ (ಎದೆಬಡಿತ ಕಮ್ಮಿ ಮಾಡೋ ಬೀಟಾ ಬ್ಲಾಕರ್ ಮಾತ್ರೆ) ತಗೊಳ್ಳಿ ಅಂದ್ರು. ಎರಡನೇ ದಿನ ರಾತ್ರಿ ಬಿಪಿ 238/140, ಕಣ್ಣು ಮಂಜು, ವಾಂತಿ. ನನ್ನ ಗಂಡ ಎತ್ತಾಕ್ಕೊಂಡು ಎಮರ್ಜೆನ್ಸಿಗೆ ಓಡಿದ್ರು.

ಅಲ್ಲಿ ಡ್ಯೂಟಿಲಿದ್ದಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್. ನಾನು ಏನೂ ಹೇಳೋಕೆ ಮುಂಚೆನೇ, "ಅಮ್ಮಾ, ಇದು ಬಗ್ಗಿದಾಗ ಬರುತ್ತಾ?" ಅಂತ ಕೇಳಿದ್ರು.

ಅತ್ತುಬಿಟ್ಟೆ ಅಲ್ಲೇ. ಎಂಟು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಮಾರನೇ ದಿನ ಎಂಡೋಕ್ರಿನಾಲಜಿಸ್ಟ್ ಬಂದ್ರು. ನಮ್ಮೋರು ಆ 14 ಪೇಜನ್ನ ಹೆಮ್ಮೆಯಿಂದ ಕೊಟ್ಟರು. ಮೇಡಂ ಒಂದೊಂದೇ ಪೇಜ್ ತಿರುವಿದ್ರು, ಕೊನೇವರೆಗೂ ಹೋದ್ರು, ಮತ್ತೆ ಮೊದಲಿಂದ ತಿರುವಿದ್ರು. "ಮೆಟನೆಫ್ರಿನ್ ಎಲ್ಲಿ?" ಅಂದ್ರು. ಇರ್ಲಿಲ್ಲ. 52ರಲ್ಲಿ ಇರ್ಲಿಲ್ಲ. ಅಡ್ರಿನಲಿನ್ ಒಡೆದಾಗ ಆಗೋ ವಸ್ತುವನ್ನ ಅಳೆಯೋ ಟೆಸ್ಟ್ ಅದು, ನನಗೆ ಬೇಕಾಗಿದ್ದ ಒಂದೇ ಒಂದು ಟೆಸ್ಟ್, ಅದೊಂದನ್ನ ಬಿಟ್ಟು ಲೋಕದಲ್ಲಿರೋದನ್ನೆಲ್ಲ ಮಾಡಿದ್ರು. ಆ ಕ್ಷಣ ನನಗೆ ನಾನು ಎಷ್ಟು ದಡ್ಡಿ ಅಂತ ಅನ್ನಿಸ್ತು ಅಂದ್ರೆ ಮೇಡಂ ಮುಖ ನೋಡೋಕೆ ಆಗ್ಲಿಲ್ಲ.

ಫಿಯೋಕ್ರೋಮೋಸೈಟೋಮ. ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರೀನಲ್ ಒಳಗಡೆ ಬೆಳೆಯೋ ಗೆಡ್ಡೆ, ಅಡ್ರಿನಲಿನ್ ನೊರಡ್ರಿನಲಿನ್‌ನ ಬೇಕಾಬಿಟ್ಟಿ ರಕ್ತಕ್ಕೆ ಸುರೀತಿರುತ್ತೆ. ಬಗ್ಗಿದಾಗ ಹೊಟ್ಟೆ ಒತ್ತಿ ಗೆಡ್ಡೆ ಹಿಂಡಿದ ಹಾಗಾಗಿ ಇನ್ನಷ್ಟು ಸುರಿಯುತ್ತೆ. ಸುಸ್ತಾದ ಅಡ್ರೀನಲ್ ಅಂದ್ರಲ್ಲ, ನನ್ನದು ಹಗಲೂ ರಾತ್ರಿ ಓವರ್‌ಟೈಮ್ ಮಾಡ್ತಿತ್ತು! ಅಪರೂಪದ್ದು ನಿಜ, ವರ್ಷಕ್ಕೆ 10 ಲಕ್ಷ ಜನರಲ್ಲಿ ಕೆಲವೇ ಮಂದಿಗೆ. ಆದ್ರೆ 1886ರಲ್ಲೇ 18 ವರ್ಷದ ಒಬ್ಬ ಹುಡುಗಿಯಲ್ಲಿ ನೋಡಿ ಬರೆದಿಟ್ಟಿದ್ದಾರೆ, 1926ರಲ್ಲೇ ಆಪರೇಶನ್ ಮಾಡಿ ತೆಗೆದಿದ್ದಾರೆ. ತಲೆನೋವು, ಬೆವರು, ಎದೆಬಡಿತ, ಮೂರೂ ಒಟ್ಟಿಗೆ ಬಂದು ಬಂದು ಹೋಗ್ತಿದ್ರೆ ಇದನ್ನ ಯೋಚನೆ ಮಾಡಬೇಕು ಅಂತ ಮೆಡಿಕಲ್ ಸ್ಟೂಡೆಂಟ್‌ಗಳಿಗೂ ಹೇಳ್ಕೊಡ್ತಾರಂತೆ.

ಮೆಟನೆಫ್ರಿನ್‌ಗೆ ರಕ್ತ ತೆಗೆಯೋಕೆ ಮುಂಚೆ ಅರ್ಧ ಗಂಟೆ ಅಂಗಾತ ಮಲಗಿಸಿದ್ರು, ಎದ್ದು ಕೂತು ಕೊಟ್ಟರೆ ಲೆವೆಲ್ ಸುಮ್ನೆ ಜಾಸ್ತಿ ತೋರಿಸಬಹುದಂತೆ. 24 ಗಂಟೆ ಮೂತ್ರ ಕೂಡ ಹಿಡಿದೆ, ಮೊದಲನೇದು ಚೆಲ್ಲಿ ಆಮೇಲಿಂದ ಮಾರನೇ ದಿನ ಅದೇ ಹೊತ್ತಿನವರೆಗೂ ಒಂದು ಹನಿ ಬಿಡದೆ ಕ್ಯಾನ್‌ಗೆ. ಲೆವೆಲ್ ಇರಬೇಕಾದ್ದಕ್ಕಿಂತ ಆರು ಪಟ್ಟು. ಆಮೇಲೇ ಸಿಟಿ ಸ್ಕ್ಯಾನ್, ಎಡಗಡೆ 4.8 ಸೆಂ.ಮೀ. ಆ ಪ್ರೊಪ್ರನೊಲಾಲ್ ಯಾಕೆ ಹಾಗೆ ಮಾಡ್ತು ಅಂದ್ರೆ, ಈ ಗೆಡ್ಡೆ ಇರೋರಿಗೆ ಮೊದಲು ಆಲ್ಫಾ ಬ್ಲಾಕರ್ ಕೊಟ್ಟು ರಕ್ತನಾಳ ಸಡಿಲ ಮಾಡಬೇಕು, ಅದಕ್ಕೂ ಮುಂಚೆ ಬೀಟಾ ಬ್ಲಾಕರ್ ಒಂದನ್ನೇ ಕೊಟ್ಟರೆ ಬಿಪಿ ಇನ್ನೂ ಏರುತ್ತೆ. ತಮಾಷೆ ನೋಡಿ, ಕೊನೆಗೆ ಇವರೂ ಅದೇ ಮಾತ್ರೆ ಕೊಟ್ಟರು, ಆಲ್ಫಾ ಬ್ಲಾಕರ್ ಹಿಡಿತಕ್ಕೆ ಬಂದ ಮೇಲೆ. ಎರಡು ವಾರ ಆ ಆಲ್ಫಾ ಬ್ಲಾಕರ್‌ನಿಂದ ಮೂಗು ಕಟ್ಕೊಂಡು, ಎದ್ದು ನಿಂತ್ರೆ ತಲೆ ತಿರುಗಿ, ಉಪ್ಪೂ ನೀರೂ ಜಾಸ್ತಿ ತಗೊಂಡು, ಆಮೇಲೆ ಲ್ಯಾಪ್ರೊಸ್ಕೋಪಿಲಿ ಆ ಕಡೆ ಅಡ್ರೀನಲ್ ಸಮೇತ ತೆಗೆದ್ರು. ಈಗ ಬಗ್ತೀನಿ. ಪೆನ್ ಬಿದ್ರೆ ಬೇಕಂತಲೇ ನಾನೇ ಎತ್ಕೊಳ್ತೀನಿ.

ಮನೆಗೆ ಬಂದು ಕ್ಲಿನಿಕ್‌ಗೆ ಬರೆದೆ, ಹೀಗ್ಹೀಗಾಯ್ತು ಅಂತ, ಪೆಥಾಲಜಿ ರಿಪೋರ್ಟ್ ಸಮೇತ. ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ: "ನಮ್ಮದು ವೆಲ್‌ನೆಸ್ ಸರ್ವೀಸ್ ಮ್ಯಾಮ್, ಡಯಾಗ್ನೋಸಿಸ್ ಕೊಡಲ್ಲ, ಟರ್ಮ್ಸ್‌ನಲ್ಲಿ ಇದೆ." ಹಾಗಾದ್ರೆ "ಸ್ಟೇಜ್ 2" ಅನ್ನೋದು ಏನು, ಜಾತಕಾನಾ? ಅಂತ ಕೇಳಿದೆ, ಬ್ಲಾಕ್ ಮಾಡಿದ್ರು. ಬ್ಲಾಕ್ ಮಾಡಿದ್ದು ಆ ಹುಡುಗಿ, ಅವರ ಆಟೋಮ್ಯಾಟಿಕ್ ಮೆಸೇಜ್ ಮಾತ್ರ ಇನ್ನೂ ಬರ್ತಿದೆ, "ನಿಮ್ಮ ಅಡ್ರೀನಲ್ ಸಪೋರ್ಟ್ ರೀಫಿಲ್ ಟೈಮ್ ಆಯ್ತು". ಒಂದೇ ಉಳಿದಿರೋದಮ್ಮ, ಅದನ್ನಾದ್ರೂ ಬಿಟ್ಬಿಡಿ.

ಯಾರಿಗಾದ್ರೂ ಹೀಗೆ ಬಂದು ಹೋಗೋ ಅಟ್ಯಾಕ್ ಇದ್ರೆ, ಬಂದಾಗಲೇ ಬಿಪಿ ನೋಡಿ ಟೈಮ್ ಸಮೇತ ಬರೆದಿಡಿ, ಪ್ಯಾಕೇಜ್ ಬೇಡ, ಎಂಡೋಕ್ರಿನಾಲಜಿಸ್ಟ್ ಹತ್ರ ಹೋಗಿ ಮೆಟನೆಫ್ರಿನ್ ನನಗೆ ಬೇಕಾ ಅಂತ ಬಾಯ್ಬಿಟ್ಟು ಕೇಳಿ. ತಗೊಳ್ತಿರೋ ಮಾತ್ರೆ ಎಲ್ಲಾ ಹೇಳಿ, ಕೆಲವು ಡಿಪ್ರೆಶನ್ ಮಾತ್ರೆಗಳಿಂದ ಈ ಟೆಸ್ಟ್ ತಪ್ಪು ತೋರಿಸುತ್ತೆ. ಗೆಡ್ಡೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವಂಶದಿಂದ ಬಂದಿರುತ್ತೆ, ಹಾಗಾಗಿ ಜೀನ್ ಟೆಸ್ಟೂ ಮಾಡಿಸಬೇಕು. ನನ್ನದು ಕಳಿಸಿದ್ದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ.

ಅಕ್ಕ ಆ ಕ್ಯಾಪ್ಸೂಲ್ ಡಬ್ಬಿ ಎತ್ತಿ ಎಸೀತೀನಿ ಅಂತ ನಿಂತಿದ್ಲು. ಮೇಡಂಗೆ ಫೋನ್ ಮಾಡಿದ್ರೆ, ತಡೀರಿ ಅಂದ್ರು. 2018ರಲ್ಲಿ ಇಂಥ 12 ಅಡ್ರೀನಲ್ ಸಪ್ಲಿಮೆಂಟ್‌ಗಳನ್ನ ಪರೀಕ್ಷೆ ಮಾಡಿದಾಗ ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನ್ ಸಿಕ್ಕಿತ್ತಂತೆ, ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಕೂಡ. ಒಳಗೆ ಸ್ಟೀರಾಯ್ಡ್ ಇದ್ದು ಏಕ್‌ದಮ್ ನಿಲ್ಲಿಸಿದ್ರೆ ಅದೇ ಒಂದು ಅಪಾಯ, ಮೊದಲು ಬೆಳಿಗ್ಗೆ ಕಾರ್ಟಿಸೋಲ್ ನೋಡೋಣ, ಡಬ್ಬಿನೂ ತಗೊಂಡು ಬನ್ನಿ ಅಂದಿದ್ದಾರೆ. ನಾಳೆ 8 ಗಂಟೆಗೆ ಅಪಾಯಿಂಟ್‌ಮೆಂಟ್. ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ, ಆದ್ರೂ ಬರ್ತೀನಿ ಅಂದಿದ್ದಾಳೆ.