ವೆನಿಸ್‌ನಲ್ಲಿ ಹುಟ್ಟು ಹಿಡಿದ ತೊಂಬತ್ತು ನಿಮಿಷ

ವೆನಿಸ್‌ಗೆ ಹೋದರೂ ಅಲ್ಲಿನ ಉದ್ದನೆಯ ಕಪ್ಪು ದೋಣಿ ಗೊಂಡೋಲಾದಲ್ಲಿ ಕೂರುವುದಿಲ್ಲ ಎಂದು ಮಗಳಿಗೆ ಮೊದಲೇ ಹೇಳಿಬಿಟ್ಟಿದ್ದೆ. ಹಣದ ಲೆಕ್ಕ ಅದಕ್ಕೆ ಒಂದು ಕಾರಣ. 2023ರ ನವೆಂಬರ್‌ನಿಂದ ಹಗಲಿನ ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ನಂತರ 110 ಯೂರೋ ಎಂದು ಅಲ್ಲಿನ ನಗರಾಡಳಿತವೇ ದರ ಗೊತ್ತುಮಾಡಿದೆ. ದೊಡ್ಡ ಕಾರಣ ಬೇರೆ. ನಮ್ಮ ಅಪ್ಪಯ್ಯ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಕಡವಿನ ದೋಣಿ ನಡೆಸಿದವರು. ಪಂಚಗಂಗಾವಳಿ ಹೊಳೆಯ ನೀರು ಇಳಿಯುವುದೂ ಇಲ್ಲ, ಏರುವುದೂ ಇಲ್ಲ ಎಂಬ ಹೊತ್ತಿನಲ್ಲಿ ನನ್ನ ಕೈಗೂ ಹುಟ್ಟು ಕೊಡುತ್ತಿದ್ದರು. ಮದುವೆಯಾಗಿ ಊರು ಬಿಟ್ಟ ಮೇಲೆ ನಾನು ಹುಟ್ಟು ಮುಟ್ಟಿರಲಿಲ್ಲ. ನೀರೇ ರಸ್ತೆಯಾಗಿರುವ ಊರಿಗೆ ಹೋಗಿ, ಅಲ್ಲಿಯೂ ಇನ್ನೊಬ್ಬರು ನಡೆಸುವ ದೋಣಿಯಲ್ಲಿ ಕುಳಿತು ಫೋಟೊ ತೆಗೆಸಿಕೊಂಡು ಬರಲು ಮನಸ್ಸು ಒಪ್ಪಲಿಲ್ಲ.

ಮಗಳು ಪಾದೊವಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸಿನ ದಾರಿ. ‘ಅಮ್ಮ, ನೀವೇ ಹುಟ್ಟು ಹಾಕುವುದಾದರೆ ಬರುತ್ತೀರಾ?’ ಎಂದು ಕೇಳಿ, ರೋ ವೆನಿಸ್ ಎಂಬ ಸಂಘದಲ್ಲಿ ಇಬ್ಬರಿಗೂ ಒಂದು ಪಾಠ ಕಾದಿರಿಸಿದಳು. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ ಅದು. ಕಲಿಸುವವರು ಹೆಂಗಸರು. ಕಲಿಸುವುದು ‘ವೊಗಾ ಅಲ್ಲಾ ವೆನೆತಾ’, ಅಂದರೆ ನಿಂತುಕೊಂಡು, ಹೋಗುವ ದಿಕ್ಕಿಗೆ ಮುಖ ಮಾಡಿ ದೋಣಿ ನಡೆಸುವ ವೆನಿಸ್‌ನ ಪದ್ಧತಿ. ಒಂದೂವರೆ ಗಂಟೆಯ ಪಾಠಕ್ಕೆ ನಾವಿಬ್ಬರೂ ಸೇರಿ ತೆತ್ತದ್ದು ಗೊಂಡೋಲಾದ ಅರ್ಧ ಗಂಟೆಗೆ ಆಗುವಷ್ಟೇ, ಹೆಚ್ಚುಕಡಿಮೆ.

ಪಾಠ ಶುರುವಾಗುವುದು ಕನ್ನರೆಜೊ ಭಾಗದ ಸಾಕ್ಕಾ ದೆಲ್ಲಾ ಮಿಸೆರಿಕೋರ್ದಿಯಾ ಎಂಬ ಪುಟ್ಟ ದೋಣಿದಕ್ಕೆಯಲ್ಲಿ. ರೈಲು ನಿಲ್ದಾಣದಿಂದ ನಡೆದೇ ಹೋದೆವು. ಗುಲ್ಯೆ ಸೇತುವೆ ದಾಟಿ, ಯಹೂದಿಗಳನ್ನು 1516ರಲ್ಲಿ ಒಂದೆಡೆ ಕೂಡಿಹಾಕಿದ ಗೆತ್ತೊವನ್ನು ಹಾದು, ಒಣಹಾಕಿದ ಬಟ್ಟೆಗಳ ಕೆಳಗಿನ ಓಣಿಗಳಲ್ಲಿ ಸಾಗಿದಂತೆ ಜನಜಂಗುಳಿ ಎಷ್ಟು ಬೇಗ ತೆಳುವಾಯಿತೆಂದರೆ, ಕೊನೆಯ ಹತ್ತು ನಿಮಿಷ ನಮ್ಮದೇ ಹೆಜ್ಜೆಯ ಸದ್ದು ಕೇಳುತ್ತಿತ್ತು. ಐತಿಹಾಸಿಕ ವೆನಿಸ್‌ನ ಜನಸಂಖ್ಯೆ 2022ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಇರುವವರಲ್ಲಿ ಬಹಳಷ್ಟು ಮಂದಿ ಇಂಥ ಓಣಿಗಳಲ್ಲಿದ್ದಾರೆ.

ದೋಣಿಯ ಹೆಸರು ಕೇಳಿದೊಡನೆ ನನಗೆ ಮನೆಯ ನೆನಪಾಯಿತು. ‘ಬತೆಲಾ ಕೋದಾ ದಿ ಗಾಂಬೆರೊ’, ಸೀಗಡಿಬಾಲದ ದೋಣಿ. ಹಿಂಭಾಗ ಮೇಲಕ್ಕೆ ಬಾಗಿ, ನಮ್ಮ ಕಡೆ ಶೆಟ್ಲಿ ಎನ್ನುವ ಸೀಗಡಿಯ ಬಾಲದಂತೆಯೇ ಕಾಣುತ್ತದೆ. ಮರದ್ದು, ಅಗಲವಾದದ್ದು, ತಳ ಚಪ್ಪಟೆ. ಹಿಂದೆ ಸಾಮಾನು ಸಾಗಿಸಲು ಬಳಸುತ್ತಿದ್ದ ಬಗೆ ಇದು. ಗೊಂಡೋಲಾದಂತೆ ಕಪ್ಪು ಮೆರುಗು, ಮಖಮಲ್ಲಿನ ದಿಂಬು ಏನೂ ಇಲ್ಲ. ಹತ್ತುವಾಗ ಅಲುಗಾಡಿದ್ದೂ ಕಡಿಮೆ. ಐವತ್ತೆಂಟರ ನನ್ನ ಮಂಡಿಗಳಿಗೆ ಅದರಿಂದ ಬಹಳ ಧೈರ್ಯ ಬಂತು.

ಶಿಕ್ಷಕಿ ಹಿಂಭಾಗದಲ್ಲಿ ನಿಂತರು, ನನ್ನನ್ನು ಮುಂಭಾಗದಲ್ಲಿ ನಿಲ್ಲಿಸಿದರು. ದಕ್ಕೆಗೆ ಹಗ್ಗ ಕಟ್ಟಿದ್ದಾಗಲೇ ಮೊದಲ ಪಾಠ: ಒಂದು ಕಾಲು ಮುಂದೆ, ಒಂದು ಹಿಂದೆ. ಹುಟ್ಟನ್ನು ಎದೆಯ ಮುಂದೆ ಹಿಡಿದು ಮೈಭಾರವನ್ನೆಲ್ಲ ಮುಂದಕ್ಕೆ ವಾಲಿಸಿ ತಳ್ಳಬೇಕು. ಇದು ‘ಪ್ರೆಮಿ’. ಆಮೇಲೆ ಮಣಿಕಟ್ಟನ್ನು ತಿರುಗಿಸಿ, ಅಲಗನ್ನು ಮಲಗಿಸಿ, ನೀರಿನಿಂದ ಹೊರಗೆ ತೆಗೆಯದೆಯೇ ಹಿಂದಕ್ಕೆ ತರಬೇಕು. ಇದು ‘ಸ್ತಾಲಿ’. ತಳ್ಳುವುದು ನನಗೆ ಬೇಗ ಬಂತು. ಎರಡನೆಯದು ಇಡೀ ಒಂದೂವರೆ ಗಂಟೆ ನನ್ನನ್ನು ಕಾಡಿತು. ನಾನು ಕಲಿತಿದ್ದ ಹುಟ್ಟು ಪ್ರತಿ ಸಲವೂ ನೀರಿನಿಂದ ಮೇಲೆದ್ದು ಬರುತ್ತಿತ್ತು. ಇಲ್ಲಿ ಅದು ನೀರೊಳಗೇ ಚಾಕುವಿನಂತೆ ಜಾರಿ ಹಿಂದಕ್ಕೆ ಬರಬೇಕು. ಶಿಕ್ಷಕಿ ಒಮ್ಮೆಯೂ ಬೇಸರಿಸಲಿಲ್ಲ. ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಕೆಳಗಿಳಿಸಿದರು, ಅಷ್ಟರಿಂದಲೇ ಅಲಗು ತಾನಾಗಿ ಮಲಗಿತು.

ಹುಟ್ಟನ್ನು ಯಾವುದಕ್ಕೂ ಕಟ್ಟಿರುವುದಿಲ್ಲ. ಅದು ಆನಿಕೊಳ್ಳುವುದು ‘ಫೋರ್ಕೊಲಾ’ ಎಂಬ ಮರದ ಗೂಟಕ್ಕೆ. ಗೂಟ ಎಂದರೆ ಅದಕ್ಕೆ ಅನ್ಯಾಯವಾದೀತು. ವಾಲ್‌ನಟ್ ಮರದ ಒಂದೇ ತುಂಡಿನಲ್ಲಿ ಕೆತ್ತಿದ, ಮಡಿಸಿದ ಮೊಣಕೈಯಂತೆ ಬಳುಕಿದ ವಸ್ತು ಅದು. ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಮಕ್ಕಳಿಗೆ ಸನ್ನೆಕೋಲಿನ ಪಾಠ ಮಾಡಿದವಳು ನಾನು. ಆಧಾರಬಿಂದು ಬದಲಾದರೆ ಬಲದ ಲೆಕ್ಕ ಬದಲಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಗೀಚಿದ್ದೇನೋ. ಅದನ್ನು ಒಂದು ಮರದ ತುಂಡಿನಲ್ಲಿ ಇಷ್ಟು ಸ್ಪಷ್ಟವಾಗಿ ನೋಡಿದ್ದು ಇದೇ ಮೊದಲು. ಮೇಲಿನ ಕಚ್ಚಿನಲ್ಲಿ ಹುಟ್ಟು ಇಟ್ಟರೆ ಮುಂದೆ ಸಾಗಲು ಅನುಕೂಲ, ಇನ್ನೊಂದು ಬಾಗಿನಲ್ಲಿ ಆನಿಸಿದರೆ ಹಿಂದಕ್ಕೆ ಬರಬಹುದು, ಮತ್ತೊಂದರಲ್ಲಿ ದೋಣಿಯನ್ನು ತಡೆದು ನಿಲ್ಲಿಸಬಹುದು. ನನ್ನ ಹುಟ್ಟು ಮೊದಲ ಕಾಲು ಗಂಟೆಯಲ್ಲಿ ಐದಾರು ಸಲ ಕಚ್ಚಿನಿಂದ ಹಾರಿತು. ಕೆಳಮುಖವಾಗಿ ಸ್ವಲ್ಪ ಒತ್ತುತ್ತಲೇ ತಳ್ಳಬೇಕು ಎಂದು ಕೈಗೆ ತಿಳಿದ ಮೇಲೆ ಹಾರುವುದು ನಿಂತಿತು.

ಮೊದಲು ಕಾಲುವೆಗಳೊಳಗೆ ಹೋದೆವು. ಮಗಳು ನಡುವೆ ಕುಳಿತಿದ್ದಳು. ಮೂಲೆ ಬಂದಾಗಲೆಲ್ಲ ಶಿಕ್ಷಕಿ ‘ಓಯೆ!’ ಎಂದು ಕೂಗುತ್ತಿದ್ದರು, ಆಚೆಯಿಂದ ಬರುವ ದೋಣಿಗೆ ಅದೇ ಹಾರನ್. ಮದೊನ್ನಾ ದೆಲ್ಲೋರ್ತೊ ಇಗರ್ಜಿಯ ಬಳಿ, ಕಾಲುವೆಗೆ ಮುಖ ಮಾಡಿದ ಹಳೆಯ ಮನೆಯೊಂದರ ಗೋಡೆಯಲ್ಲಿ ಹೊರೆ ಹೊತ್ತ ಒಂಟೆಯ ಉಬ್ಬುಶಿಲ್ಪ ಕಂಡಿತು. ಪಲಾತ್ಸೊ ಮಾಸ್ತೆಲ್ಲಿ ಅದು, ಪೂರ್ವದೇಶಗಳ ವ್ಯಾಪಾರದಿಂದ ಬೆಳೆದ ಮನೆತನದ್ದು. ಅಲೆಕ್ಸಾಂಡ್ರಿಯಾದ ಮೂಲಕ ಇಲ್ಲಿಗೆ ಬರುತ್ತಿದ್ದ ಮೆಣಸಿನ ಕಾಳು ನಮ್ಮ ಪಶ್ಚಿಮ ಕರಾವಳಿಯದು. ಆಗ ಗಣರಾಜ್ಯವಾಗಿದ್ದ ವೆನಿಸ್‌ನ ಪ್ರಜೆ, ಪ್ರವಾಸಿ ನಿಕೊಲೊ ದೆ ಕೊಂತಿ 1420ರ ಸುಮಾರಿಗೆ ವಿಜಯನಗರದವರೆಗೂ ಬಂದಿದ್ದ. ಹಂಪಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಅವನ ಹೆಸರು ಹೇಳುತ್ತಿದ್ದೆ. ಅವನು ಹೊರಟ ನೀರಿನ ಮೇಲೆ ಹುಟ್ಟು ಹಿಡಿದು ನಿಂತು, ಆ ಒಂಟೆಯನ್ನು ಕಣ್ಣೆತ್ತಿ ನೋಡಿದಾಗ ನನಗೆ ಗಂಟಲು ಕಟ್ಟಿತು.

ಆಮೇಲೆ ತೆರೆದ ಹಿನ್ನೀರು. ಎದುರಿಗೆ ಸಾನ್ ಮಿಕೆಲೆ, ಇಟ್ಟಿಗೆ ಗೋಡೆಯೊಳಗೆ ಸೈಪ್ರೆಸ್ ಮರಗಳು ತುಂಬಿದ ಸ್ಮಶಾನದ ದ್ವೀಪ. ಅದರಾಚೆ ಮುರಾನೊ ದ್ವೀಪ. ಅಕ್ಟೋಬರ್‌ನ ಗಾಳಿ ಶುಭ್ರವಾಗಿದ್ದುದರಿಂದ ಬಹುದೂರದಲ್ಲಿ ಬೆಟ್ಟಸಾಲು ಕೂಡ ಕಂಡಿತು. ಇಲ್ಲಿನ ಹಿನ್ನೀರು ಸರಾಸರಿ ಒಂದು ಮೀಟರಿಗಿಂತ ಸ್ವಲ್ಪವೇ ಆಳ. ದೋಣಿಗಳು ಹೋಗಬಹುದಾದ ಆಳದ ಜಾಡನ್ನು ‘ಬ್ರಿಕೊಲೆ’ ಎಂಬ, ಮೂರು ಮೂರು ಮರದ ಕಂಬಗಳ ಕಟ್ಟುಗಳನ್ನು ನೆಟ್ಟು ತೋರಿಸಿರುತ್ತಾರೆ.

ಇಲ್ಲಿಯೇ ಈ ಊರಿನ ನೋವು ನನಗೆ ಮೈಗೆ ತಾಗಿದ್ದು. ಸಾಮಾನು ಹೊತ್ತ ಮೋಟಾರು ದೋಣಿಯೊಂದು ನಮ್ಮ ಪಕ್ಕದಲ್ಲಿ ಹಾದುಹೋಯಿತು. ಅದು ಹೋಗಿ ಎಷ್ಟೋ ಹೊತ್ತಾದ ಮೇಲೂ ಅಲೆ ಬರುತ್ತಲೇ ಇತ್ತು. ನಾನು ಕುಳಿತುಕೊಳ್ಳಬೇಕಾಯಿತು. ಅದೇ ಅಲೆ ದಡದ ಗೋಡೆಗೆ ಬಡಿದು, ಇಟ್ಟಿಗೆಯ ಸಂದಿನ ಗಾರೆಯನ್ನು ದಿನವೂ ನೆಕ್ಕುತ್ತದೆ. ಇದನ್ನು ಅವರು ‘ಮೋತೊ ಒಂದೋಸೊ’ ಎನ್ನುತ್ತಾರೆ. ಇದರ ವಿರುದ್ಧ ದನಿ ಎತ್ತಲೆಂದೇ 1975ರಲ್ಲಿ ವೊಗಾಲೊಂಗಾ ಆರಂಭವಾಯಿತು. ಪ್ರತಿ ವರ್ಷ ವಸಂತದ ಕೊನೆಗೆ ಹುಟ್ಟು ಹಾಕುವವರೆಲ್ಲ ಸೇರಿ ಹಿನ್ನೀರಿನಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಸಾಗುತ್ತಾರೆ. ಗೆಲುವು ಸೋಲು ಇಲ್ಲ. ದೈತ್ಯ ವಿಹಾರ ಹಡಗುಗಳು ಊರಿನ ನಡುವಿನ ಜುದೆಕ್ಕಾ ಕಾಲುವೆಯಲ್ಲಿ ಹಾಯುವುದನ್ನು 2021ರ ಆಗಸ್ಟ್‌ನಿಂದ ತಡೆಯಲಾಗಿದೆ. ಸಣ್ಣ ಮೋಟಾರುಗಳ ಅಲೆ ಮಾತ್ರ ಹಾಗೆಯೇ ಇದೆ. ಪಾಠಕ್ಕೆ ಹೋಗುವವರು ಬೆಳಗ್ಗಿನ ಹೊತ್ತನ್ನೇ ಆರಿಸಿಕೊಳ್ಳಿ. ನಮ್ಮದು ಹನ್ನೊಂದಕ್ಕೆ ಇತ್ತು, ಇನ್ನೂ ಬೇಗ ಇದ್ದಿದ್ದರೆ ನೀರು ಶಾಂತವಾಗಿರುತ್ತಿತ್ತು.

ಹೆಂಗಸರೇ ಕಲಿಸುತ್ತಾರೆ ಎಂಬುದನ್ನು ನಾನು ಮೊದಲು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ. ಸೆಪ್ಟೆಂಬರ್‌ನ ಮೊದಲ ಭಾನುವಾರ ನಡೆಯುವ ರೆಗಾತಾ ಸ್ತೋರಿಕಾ ಎಂಬ ದೋಣಿ ಪಂದ್ಯದಲ್ಲಿ ಹೆಂಗಸರ ಸ್ಪರ್ಧೆಯೂ ಇದೆ. ಆದರೆ ನೂರಾರು ವರ್ಷಗಳ ಗೊಂಡೋಲಾ ವೃತ್ತಿಯಲ್ಲಿ ಪರವಾನಗಿ ಪಡೆದ ಮೊದಲ ಮಹಿಳೆ ಜೋರ್ಜಾ ಬೊಸ್ಕೊಲೊ, ಅದೂ 2010ರಲ್ಲಿ. ಅವರ ತಂದೆಯೂ ಗೊಂಡೋಲಾ ನಡೆಸುತ್ತಿದ್ದವರು. ಇದನ್ನು ಕೇಳಿದಾಗ, ನಾನು ಹುಡುಗಿಯಾದ್ದರಿಂದ ಕಡವಿನ ದೋಣಿ ನನ್ನ ತಮ್ಮನ ಪಾಲಿಗೆ ಹೋದದ್ದು ನೆನಪಾಯಿತು. ಕೊನೆಯ ಇಪ್ಪತ್ತು ನಿಮಿಷ ಶಿಕ್ಷಕಿ ನನ್ನನ್ನು ಹಿಂಭಾಗದಲ್ಲಿ ನಿಲ್ಲಿಸಿ ದಿಕ್ಕು ಹಿಡಿಯಲು ಕೊಟ್ಟರು. ಅಲ್ಲಿ ಹುಟ್ಟು ಬಲಗಡೆ, ಚುಕ್ಕಾಣಿ ಇಲ್ಲ. ತಳ್ಳಿದರೆ ದೋಣಿ ಎಡಕ್ಕೆ, ಹಿಂದಕ್ಕೆ ಎಳೆಯುವಾಗ ನೀರನ್ನು ಒತ್ತಿದರೆ ಬಲಕ್ಕೆ. ಎರಡು ಬ್ರಿಕೊಲೆಗಳ ನಡುವೆ ದೋಣಿಯನ್ನು ನೇರವಾಗಿ ನಾನೇ ತಂದೆ.

ಅದೇ ದಿನ ಮತ್ತು ಮರುದಿನ ಮಾಡಿದ ಬೇರೆ ಕೆಲವನ್ನೂ ಹೇಳಬೇಕು. ದೋಣಿಯಲ್ಲಿ ಹೋಗಬೇಕು, ಹಣ ಹೆಚ್ಚು ಇಲ್ಲ ಎನ್ನುವವರಿಗೆ ತ್ರಗೆತ್ತೊ ಇದೆ. ದೊಡ್ಡ ಕಾಲುವೆಗೆ ಇರುವ ಸೇತುವೆಗಳು ನಾಲ್ಕೇ. ನಡುವೆ ದಾಟಿಸಲು ಸಾದಾ ಗೊಂಡೋಲಾಗಳನ್ನು ಇಬ್ಬರು ಅಂಬಿಗರು ನಡೆಸುತ್ತಾರೆ. ಸಾಂತಾ ಸೋಫಿಯಾದಿಂದ ರಿಯಾಲ್ತೊ ಮೀನು ಮಾರುಕಟ್ಟೆಗೆ ನಾವು ದಾಟಿದೆವು, ತಲೆಗೆ ಎರಡು ಯೂರೋ, ಒಂದೆರಡು ನಿಮಿಷ. ತರಕಾರಿ ಚೀಲದ ಅಜ್ಜಿಯೊಬ್ಬರು ನಿಂತೇ ಬಂದರು. ಇದು ಅಪ್ಪಟ ಕಡವು. ಜಲಬಸ್ಸಿನ ಎಪ್ಪತ್ತೈದು ನಿಮಿಷದ ಟಿಕೆಟ್ಟಿಗೆ 9.50 ಯೂರೋ ಕೊಟ್ಟ ಮೇಲೆ ಈ ಎರಡು ಯೂರೋದ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಸಾನ್ ತ್ರೊವಾಸೊದ ಗೊಂಡೋಲಾ ಕಟ್ಟುವ ಅಂಗಳವನ್ನು ಕಾಲುವೆಯ ಆಚೆ ದಡದಿಂದ ಪುಕ್ಕಟೆಯಾಗಿ ನೋಡಬಹುದು. ಹದಿನೇಳನೇ ಶತಮಾನದ್ದು. ಅದನ್ನು ಕಟ್ಟಿದ ಬಡಗಿಗಳು ಕಾದೊರೆ ಬೆಟ್ಟಗಳಿಂದ ಬಂದವರಾದ್ದರಿಂದ ಮಲೆನಾಡಿನ ಮರದ ಮನೆಯಂತಿದೆ. ಬೋರಲು ಹಾಕಿದ ಗೊಂಡೋಲಾಗಳನ್ನು ಅಲ್ಲಿ ನೋಡಿದರೆ, ಅದರ ಎಡಮಗ್ಗುಲು ಬಲಕ್ಕಿಂತ ಅಗಲವೆಂಬುದು ಬರಿಗಣ್ಣಿಗೇ ಕಾಣುತ್ತದೆ. ವ್ಯತ್ಯಾಸ 24 ಸೆಂಟಿಮೀಟರ್. ಬಲಗಡೆಯ ಒಂದೇ ಹುಟ್ಟು ದೋಣಿಯನ್ನು ಎಡಕ್ಕೆ ತಿರುಗಿಸದಿರಲಿ ಎಂದು ಒಡಲನ್ನೇ ಡೊಂಕು ಮಾಡಿದ್ದಾರೆ. ಎಂಟು ಬಗೆಯ ಮರ ಬಳಸುತ್ತಾರೆ. ಹಿಂದಿನ ದಿನ ಹುಟ್ಟು ಹಾಕಿರದಿದ್ದರೆ ಆ ಡೊಂಕಿನ ಜಾಣ್ಮೆ ನನಗೆ ತಿಳಿಯುತ್ತಿರಲಿಲ್ಲ.

ಮುಖವಾಡ ಮಾಡುವ ಒಂದು ಕಾರ್ಯಾಗಾರಕ್ಕೂ ಹೋಗಿದ್ದೆವು. ಅದು ಬೇಡ. ಕಾಗದ ನೆನೆಸಿ, ಅಂಟು ಹಚ್ಚಿ, ಅಚ್ಚಿಗೆ ಒತ್ತುವುದನ್ನು ಕಲಿಯುವ ಆಸೆ ನನಗಿತ್ತು. ಅವರು ಕೈಗಿತ್ತದ್ದು ಸಿದ್ಧ ಮುಖವಾಡ, ನಾಲ್ಕು ಬಣ್ಣ, ಒಂದು ಕುಂಚ. ನೀವು ಕಾದಿರಿಸುವ ಮೊದಲು, ಕಾಗದದ ಕೆಲಸ ಕಲಿಸುತ್ತೀರಾ ಎಂದು ಬಾಯಿಬಿಟ್ಟು ಕೇಳಿ.

ಊಟದ ಬಗ್ಗೆ ಒಂದೇ ಮಾತು. ಮಿಸೆರಿಕೋರ್ದಿಯಾದ ದಂಡೆಯ ಮೇಲೆ ಬಾಕರೊ ಎಂಬ ಚಿಕ್ಕ ಅಂಗಡಿಗಳಿವೆ. ಅಲ್ಲಿ ‘ಸಾರ್ದೆ ಇನ್ ಸಾಓರ್’ ಕೇಳಿ ತಿನ್ನಿ: ಕರಿದ ಬೂತಾಯಿಯ ಮೇಲೆ ವಿನೆಗರ್‌ನಲ್ಲಿ ಬೇಯಿಸಿದ ಈರುಳ್ಳಿ, ಒಣದ್ರಾಕ್ಷಿ. ಹಡಗಿನಲ್ಲಿ ಮೀನು ಕೆಡದಿರಲೆಂದು ಹುಟ್ಟಿದ ಅಡುಗೆ. ಕರಾವಳಿಯ ನಾಲಿಗೆಗೆ ಒಪ್ಪುತ್ತದೆ. ಮೀನು ತಿನ್ನದವರಿಗೆ ಬ್ರೆಡ್ಡಿನ ಮೇಲೆ ಚೀಸ್, ಸುಟ್ಟ ತರಕಾರಿ ಸಿಗುತ್ತವೆ.

ಪಾಠಕ್ಕೆ ಹೋಗುವವರು ಜಾರದ ಅಡಿಯ ಬೂಟು ಹಾಕಿಕೊಳ್ಳಿ. ಸೀರೆ ಬೇಡ, ನಾನು ಸಲ್ವಾರ್ ಹಾಕಿದ್ದೆ. ಮುಂದಿನ ಎರಡು ದಿನ ಭುಜಕ್ಕಿಂತ ತೊಡೆ ಹೆಚ್ಚು ನೋಯುತ್ತದೆ, ಅದು ಸರಿಯಾಗಿ ಮಾಡಿದ್ದರ ಗುರುತು ಎಂದರು ಶಿಕ್ಷಕಿ. ದಿನದ ಮಟ್ಟಿಗೆ ವೆನಿಸ್‌ಗೆ ಬಂದು ಹೋಗುವವರಿಂದ 2024ರ ಏಪ್ರಿಲ್ ಕೊನೆಯಿಂದ ಆಯ್ದ ದಿನಗಳಲ್ಲಿ ಪ್ರವೇಶ ಶುಲ್ಕ ಪಡೆಯುತ್ತಿದ್ದಾರೆ. ಅವು ವಸಂತ ಮತ್ತು ಬೇಸಿಗೆಯ ದಿನಗಳು, ನಮಗೆ ಅಕ್ಟೋಬರ್‌ನಲ್ಲಿ ಬೀಳಲಿಲ್ಲ.

ರಾತ್ರಿ ಪಾದೊವಾಗೆ ಮರಳಿ, ಊರಿನಲ್ಲಿ ಬೆಳಗಾಗುವುದನ್ನು ಕಾದು ಅಪ್ಪಯ್ಯನಿಗೆ ವಿಡಿಯೊ ಕರೆ ಮಾಡಿದೆ. ಅವರಿಗೆ ಈಗ ಎಂಬತ್ತಾರು. ನಾನು ಹುಟ್ಟು ಹಿಡಿದ ಚಿತ್ರವನ್ನು ನೋಡಿದರು, ಏನೂ ಹೇಳಲಿಲ್ಲ. ಫೋರ್ಕೊಲಾದ ಚಿತ್ರ ಬಂದಾಗ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಯಾವ ಮರ ಎಂದು ಕೇಳಿದರು. ವಾಲ್‌ನಟ್ ಎಂದೆ. ‘ಹೆಬ್ಬಲಸಿನಲ್ಲಿಯೂ ಆದೀತು. ಮೇಲಿನ ಕಚ್ಚು ಎಷ್ಟು ಆಳ ಎಂದು ಅಳತೆ ತೆಗೆದುಕೊಂಡು ಬಾ’ ಎಂದರು. ಮಗಳು ಮುಂದಿನ ಶನಿವಾರಕ್ಕೆ ಇನ್ನೊಂದು ಪಾಠ ಕಾದಿರಿಸಿದ್ದಾಳೆ. ಈ ಸಲ ಅಳತೆಪಟ್ಟಿಯೂ ಜೊತೆಗಿರುತ್ತದೆ.