ಆಟದೊಳಗೆ ಸರ್ಕಾರ ಕಟ್ಟುವುದು: ಮೂರು ಬಗೆ ಆಡಿ ನೋಡಿದ ಮೇಲೆ

ನಾವು ಐದು ಜನ ಗೆಳೆಯರು ಶನಿವಾರ ರಾತ್ರಿ ಒಟ್ಟಿಗೆ ರಾಜ್ಯ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟಗಳನ್ನು ಆಡುತ್ತೇವೆ. ಈಗ ನಮ್ಮದೇ ಒಂದು ಆಟ ಬರೆಯಲು ಕೂತಿದ್ದೇವೆ. ಅದರಲ್ಲಿ ಸರ್ಕಾರದ ಭಾಗ ನನ್ನ ಪಾಲಿಗೆ ಬಂತು. ಆಟಗಾರ ತನಗೆ ಬೇಕಾದ ಹಾಗೆ ಸರ್ಕಾರ ಕಟ್ಟಿಕೊಳ್ಳಬೇಕು, ಆದರೆ ಉಳಿದವರು ಕಾದು ಕಾದು ಬೇಸತ್ತುಹೋಗಬಾರದು. ಅದಕ್ಕೇ ಫ್ರೀಸಿವ್, ಸಿವಿಲೈಸೇಶನ್ 4 ಮತ್ತು 6, ಈ ಮೂರನ್ನೂ ಸರ್ಕಾರದ ಮೇಲೇ ಗಮನ ಇಟ್ಟು ಮತ್ತೆ ಆಡಿದೆವು.

ಫ್ರೀಸಿವ್‌ನಲ್ಲಿ ಸರ್ಕಾರ ಅಂದರೆ ಇಡೀ ಒಂದು ಕಟ್ಟು. ಅದರ ಕ್ಲಾಸಿಕ್ ನಿಯಮದಲ್ಲಿ ಡೆಸ್ಪಾಟಿಸಂನ (ನಿರಂಕುಶ ಆಳ್ವಿಕೆಯ) ತೆರಿಗೆ ಮಿತಿ 60%, ಡೆಮಾಕ್ರಸಿಯದು 90%. ಆದರೆ ಡೆಮಾಕ್ರಸಿಯಲ್ಲಿ ಹೊರಗೆ ದಾಳಿಗೆ ಹೋದ ಒಂದೊಂದು ಪಡೆಗೂ ಊರಲ್ಲಿ ಇಬ್ಬರು ಮುನಿಸಿಕೊಳ್ಳುತ್ತಾರೆ. ಎದುರಾಳಿ ಡೆಮಾಕ್ರಸಿಗೆ ಬಂದ ಅಂದರೆ ಸದ್ಯಕ್ಕೆ ದೊಡ್ಡ ದಂಡಯಾತ್ರೆ ಹೊರಡಲಾರ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನೊಂದು ಅನುಕೂಲ, ನಿಯಮಗಳೆಲ್ಲ ಸರಳ ಪಠ್ಯ ಕಡತಗಳಲ್ಲಿವೆ. ಯಾರು ಬೇಕಾದರೂ ತೆರೆದು ತಿದ್ದಬಹುದು. ಕೊರತೆ ಏನೆಂದರೆ, ಆಟಗಾರ ಸಿದ್ಧ ಸರ್ಕಾರಗಳಲ್ಲಿ ಒಂದನ್ನು ಆರಿಸುತ್ತಾನೆ ಅಷ್ಟೇ, ತಾನೇ ಕಟ್ಟುವುದಿಲ್ಲ.

2005ರ ಸಿವಿಲೈಸೇಶನ್ 4 ನನಗೆ ತುಂಬ ಹಿಡಿಸಿತು. ಆಡಳಿತ, ಕಾನೂನು, ದುಡಿಮೆ, ಆರ್ಥಿಕತೆ, ಧರ್ಮ ಅಂತ ಐದು ಸಾಲು, ಸಾಲಿಗೆ ಐದು ಆಯ್ಕೆ. ಬದಲಾಯಿಸಿದರೆ ಕೆಲಕಾಲ ಅರಾಜಕತೆ, ಟರ್ನ್ (ಆಟದ ಒಂದು ಸುತ್ತು) ಕೈಬಿಟ್ಟು ಹೋಗುತ್ತದೆ. ಒಂದೊಂದಾಗಿ ಬದಲಾಯಿಸುವುದಕ್ಕಿಂತ ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ನಷ್ಟ ಕಡಿಮೆ. ಹೀಗಾಗಿ ಎಲ್ಲರೂ ಯೋಚಿಸಿಯೇ ಕೈ ಹಾಕುತ್ತಾರೆ. ಪರಿಚಯವಾದ ರಾಜ್ಯಗಳ ಆಯ್ಕೆಗಳು ವಿದೇಶಾಂಗದ ಪುಟದಲ್ಲಿ ಕಾಣುತ್ತವೆ. ಒಂದು ರಾತ್ರಿ ಪಕ್ಕದ ರಾಜ್ಯದ ಗೆಳೆಯ ನ್ಯಾಷನ್‌ಹುಡ್‌ಗೆ ಬದಲಾದ. ಅದರಲ್ಲಿ ಜನರನ್ನೇ ಸೈನ್ಯಕ್ಕೆ ಎಳೆದು ಟರ್ನ್‌ಗೆ ಮೂರು ತುಕಡಿವರೆಗೆ ಕಟ್ಟಬಹುದು. ನಾನು ಅದನ್ನು ನೋಡಿ ಗಡಿ ಊರುಗಳಿಗೆ ಕಾವಲು ಹಾಕಿದೆ. ನಾಲ್ಕು ಟರ್ನ್ ಆದ ಮೇಲೆ ಅವನು ಬಂದೇ ಬಂದ! ಯಾರೂ ಒಂದು ಮಾತೂ ಆಡಿರಲಿಲ್ಲ, ಸರ್ಕಾರವೇ ಸುದ್ದಿ ಕೊಟ್ಟಿತ್ತು.

ಇನ್ನೊಂದು ಜಾಣತನ ಗುಲಾಮರಿಗೆ ಬಿಡುಗಡೆ ಕೊಡುವ ಆಯ್ಕೆಯಾದ ಇಮ್ಯಾನ್ಸಿಪೇಶನ್‌ನದು. ಒಬ್ಬ ಅದನ್ನು ತಂದರೆ, ತರದೇ ಇರುವವರ ಊರುಗಳಲ್ಲಿ ಅಸಮಾಧಾನ ಏಳುತ್ತದೆ. ನನ್ನ ಕಾನೂನು ನಿಮ್ಮ ಜನರನ್ನು ಕೆಣಕುತ್ತದೆ. ಹಲವರು ಕೂಡಿ ಆಡುವ ಆಟಕ್ಕೆ ಬೇಕಾದದ್ದು ಇದೇ ಅಲ್ವಾ?

ಆದರೆ ಗುಲಾಮಗಿರಿಯ ಆಯ್ಕೆ ಅಲ್ಲಿ ಅತಿಯಾಗಿ ಬಲವಾಗಿದೆ. ಜನಸಂಖ್ಯೆ ಕೊಟ್ಟು ಕಟ್ಟಡ, ಸೈನ್ಯ ತಕ್ಷಣ ಮುಗಿಸಬಹುದು. ಶುರುವಿನಲ್ಲಿ ನಾವು ಐವರೂ ಅದನ್ನೇ ಆರಿಸಿದೆವು. ಎಲ್ಲರೂ ಒಂದನ್ನೇ ಹಿಡಿದರೆ ಅದು ಆಯ್ಕೆಯೇ ಅಲ್ಲ.

2016ರಲ್ಲಿ ಬಂದ ಸಿವಿಲೈಸೇಶನ್ 6ರದು ಕಾರ್ಡುಗಳ ಪದ್ಧತಿ. ಸರ್ಕಾರ ಖಾನೆಗಳನ್ನು ಕೊಡುತ್ತದೆ, ನಾವು ಅವುಗಳಲ್ಲಿ ನೀತಿಗಳ ಕಾರ್ಡು ತುಂಬುತ್ತೇವೆ. ಒಬ್ಬರೇ ಆಡುವಾಗ ಇದು ತುಂಬ ಖುಷಿ ಕೊಡುತ್ತದೆ. ಐದು ಜನ ಕೂತಾಗ ಹಾಗಿಲ್ಲ. ಒಂದೊಂದು ಸಿವಿಕ್ (ಸಂಸ್ಕೃತಿಯ ಬೆಳವಣಿಗೆಯ ಒಂದು ಹಂತ) ಮುಗಿದಾಗಲೂ ಕಾರ್ಡನ್ನು ಪುಕ್ಕಟೆ ಬದಲಾಯಿಸಬಹುದು, ಹಾಗಾಗಿ ಎಲ್ಲರೂ ಬದಲಾಯಿಸುತ್ತಲೇ ಇರುತ್ತಾರೆ. ಪ್ರೊಫೆಷನಲ್ ಆರ್ಮಿ ಕಾರ್ಡು ಹಾಕಿದರೆ ಸೈನ್ಯವನ್ನು ಮೇಲ್ದರ್ಜೆಗೆ ಏರಿಸುವ ಖರ್ಚು ಅರ್ಧ. ಅದನ್ನು ಹಾಕಿ ಸೈನ್ಯವನ್ನೆಲ್ಲ ಏರಿಸಿಕೊಂಡು, ಮುಂದಿನ ಸಿವಿಕ್‌ಗೆ ತೆಗೆದುಬಿಡುತ್ತಾರೆ. ಪಕ್ಕದವನಿಗೆ ಅದರ ಸುಳಿವೇ ಇರುವುದಿಲ್ಲ. ಟೈಮರ್ ಬೇರೆ ಓಡುತ್ತಿರುತ್ತದೆ. ನಮ್ಮಲ್ಲಿ ನಿಧಾನವಾಗಿ ಓದುವ ಗೆಳೆಯನೊಬ್ಬ ಮೂರನೇ ವಾರಕ್ಕೆ ಸುಮ್ನೆ ಹಳೆಯ ಕಾರ್ಡುಗಳಲ್ಲೇ ಆಡತೊಡಗಿದ. ನನಗೆ ಅದು ಬೇಜಾರಾಯಿತು. ಅವನು ಗಡಿ, ಸಂಧಾನಗಳಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾನೆ.

ಹಾಗಾಗಿ ನಾನು ಸಿವಿಲೈಸೇಶನ್ 4ರ ಸಾಲುಗಳನ್ನೇ ಹಿಡಿದಿದ್ದೇನೆ, ಐದರ ಬದಲು ಮೂರು. ಗುಲಾಮಗಿರಿಯಂಥ ತೊಡಕಿಗೆ ಮದ್ದು ಸಿಕ್ಕಿದ್ದು 1999ರ ಆಲ್ಫಾ ಸೆಂಟಾರಿ ಎಂಬ ಆಟದಲ್ಲಿ. ಅಲ್ಲಿ ಫ್ರೀ ಮಾರ್ಕೆಟ್ ಆರಿಸಿದರೆ ಆರ್ಥಿಕತೆಗೆ +2 ಸಿಗುತ್ತದೆ, ಜೊತೆಗೇ ಪೊಲೀಸ್ ಅಂಕ (ಜನರನ್ನು ಹತೋಟಿಯಲ್ಲಿಡುವ ಬಲ) −5ಕ್ಕೆ ಬೀಳುತ್ತದೆ. ನಮ್ಮ ಆಟದ ನಿಯಮಗಳ ಹಾಳೆಯಲ್ಲೂ ಲಾಭ ಬರೆದ ಕಡೆ ಪಕ್ಕದಲ್ಲೇ ನಷ್ಟ ಬರೆಯುತ್ತಿದ್ದೇನೆ. ಅರಾಜಕತೆ ಎರಡೇ ಟರ್ನ್, ಯಾವಾಗಲೂ ಎರಡು. ಫ್ರೀಸಿವ್‌ನಲ್ಲಿ ಸರ್ವರ್ ಅದನ್ನು ಲಾಟರಿಯ ಹಾಗೆ ಒಂದರಿಂದ ಐದರವರೆಗೆ ಎತ್ತಿದಾಗ ಐದು ಬಿದ್ದವನ ಮುಖ ನೋಡಿದ್ದೇನೆ. ನಮ್ಮ ಆಟದಲ್ಲಿ ಬದಲಾವಣೆಯ ಸುದ್ದಿ ಎಲ್ಲರ ಪರದೆಯ ಮೇಲೂ ಬರುತ್ತದೆ. ದೂರದ ರಾಜ್ಯಕ್ಕೆ ಒಂದು ಟರ್ನ್ ತಡವಾಗಿ ಬರಲಿ ಅಂತ ಒಬ್ಬ ಗೆಳೆಯ ಹಟ ಹಿಡಿದಿದ್ದಾನೆ. ಈ ಶನಿವಾರ ಅವನು ಹೇಳಿದ ಹಾಗೇ ಆಡಿ ನೋಡುತ್ತೇವೆ.