ವಾಕಿಂಗ್ ಫೂಟ್: ಕೌದಿ ಹೊಲಿಯುವವರಿಗೆ ಬೇಕಾ?

ಹಳೆಯ ಹತ್ತಿ ಸೀರೆಗಳನ್ನು ಪಟ್ಟಿ ಹರಿದು, ಜೋಡಿಸಿ ಕೌದಿ ಹೊಲಿಯುತ್ತೇನೆ. ಫೂಟ್ ಅಂದರೆ ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ. ನನ್ನ ಮಷಿನ್‌ಗೆ ಮಾಮೂಲಿಯದರ ಬದಲು ವಾಕಿಂಗ್ ಫೂಟ್ ಹಾಕಿ ವರ್ಷದ ಮೇಲಾಯಿತು. ಪದರಗಳನ್ನು ಸೇರಿಸಿ ಹೊಲಿಯುವಾಗ ಇದು ಬೇಕೇ ಬೇಕು. ಮಾಮೂಲಿ ಫೂಟ್‌ನಲ್ಲಿ ಮಷಿನ್‌ನ ಕೆಳಗಿನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ, ಮೇಲಿನದು ಫೂಟ್‌ಗೆ ತಾಗಿ ಹಿಂದೆ ಉಳಿಯುತ್ತದೆ, ಸಾಲು ಮುಗಿಯುವಷ್ಟರಲ್ಲಿ ಅಲ್ಲಿ ನಿರಿಗೆ ಕೂತಿರುತ್ತದೆ. ವಾಕಿಂಗ್ ಫೂಟ್‌ಗೆ ತನ್ನದೇ ಹಲ್ಲುಗಳಿವೆ. ಇದರ ಕೈ ಸೂಜಿಯ ಸ್ಕ್ರೂ ಮೇಲೆ ಕೂರುತ್ತದೆ, ಸೂಜಿ ಏರಿಳಿದ ಹಾಗೆ ಮೇಲಿನ ಬಟ್ಟೆಯೂ ಜೊತೆಗೇ ಸರಿಯುತ್ತದೆ. ಹೊಲಿಗೆ 3 ಮಿ.ಮೀ. ಇಟ್ಟು ನಿಧಾನಕ್ಕೆ ಓಡಿಸಿದರೆ ಹಿಂದುಗಡೆ ಒಂದೂ ಸುಕ್ಕಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಅದಕ್ಕೂ ಮುಂಚಿನ ಕೆಲಸ. ಮಧ್ಯಾಹ್ನ ಪಡಸಾಲೆ ಒರೆಸಿ, ಒಣಗಿದ ಮೇಲೆ ಅಸ್ತರ ಉಲ್ಟಾ ಹಾಸಿ ಅಂಚಿಗೆ ಟೇಪ್ ಅಂಟಿಸುತ್ತೇನೆ. ನಮ್ಮ ಕಲಬುರಗಿ ಮನೆಗಳಲ್ಲಿ ಶಹಾಬಾದ್ ಪರಸಿ ಇರುತ್ತದಲ್ವಾ, ಅದರ ಸಂದಿಯ ಗೆರೆಗೆ ಮೊದಲ ಪಟ್ಟಿ ಹೊಂದಿಸಿದರೆ ಸಾಕು, ಎಲ್ಲಿ ಬಾಗಿದೆ ಅಂತ ನಿಂತಲ್ಲಿಂದಲೇ ಕಾಣುತ್ತದೆ. ಬೇಸಿಗೆಯಲ್ಲಿ ಆ ತಂಪು ಕಲ್ಲಿನ ಮೇಲೆ ಕೂತು, ಅಂಗೈಯಿಂದ ಸವರುತ್ತಾ, ನಡುವಿನಿಂದ ಅಂಚಿನ ಕಡೆಗೆ ಪಿನ್ನು ಹಾಕುತ್ತಾ ಹೋಗುವುದು ಎಷ್ಟು ಹಿತ!

ಆದರೆ ಅಂಗಡಿಯವರು ಒಂದು ಮಾತು ಸುಮ್ನೆ ಹೇಳಿ ಮಾರಿದರು. ಈ ಫೂಟ್ ಹಾಕಿದರೆ ಪಟ್ಟಿ ಸೊಟ್ಟ ಆಗುವುದೇ ಇಲ್ಲವಂತೆ. ಹಾಗೇನೂ ಇಲ್ಲ. ಎಲ್ಲ ಸಾಲನ್ನೂ ಒಂದೇ ತುದಿಯಿಂದ ಹೊಲಿದರೆ ಇದರಲ್ಲೂ ಬಾಗುತ್ತದೆ, ಸ್ವಲ್ಪ ಕಡಿಮೆ ಅಷ್ಟೇ. ಒಂದು ಸಾಲು ಮೇಲಿಂದ ಶುರು ಮಾಡಿದರೆ ಮುಂದಿನದು ಕೆಳಗಿಂದ ಶುರು ಮಾಡಬೇಕು. ಸೀರೆಯ ಉದ್ದಕ್ಕೆ ಹರಿದ ಪಟ್ಟಿ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹರಿದದ್ದು ಹಿಗ್ಗುತ್ತದೆ, ಓರೆಯಾಗಿ ಕತ್ತರಿಸಿದ್ದನ್ನಂತೂ ಹಿಡಿಯೋಕೇ ಆಗಲ್ಲ. ಇಸ್ತ್ರಿಯನ್ನೂ ಎಳೆದಾಡಬಾರದು. ಒತ್ತಬೇಕು, ಎತ್ತಬೇಕು, ಪಕ್ಕಕ್ಕೆ ಇಡಬೇಕು. ಇಷ್ಟಕ್ಕೆ ಯಾವ ಫೂಟೂ ಬೇಡ, ದುಡ್ಡೂ ಬೇಡ.

ವಾಕಿಂಗ್ ಫೂಟ್‌ನ ಸಪ್ಪಳ ಬಹಳ. "ಯವ್ವಾ, ಗಿರಣಿ ಹಚ್ಚಿದಂಗ ಆಗ್ಲತ್ತದಲ್ಲ" ಅಂತ ಅತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಿಮ್ಮುಖ ಹೊಲಿಗೆಗೆ ಇದು ಆಗಿಬರುವುದಿಲ್ಲ, ಸಾಲಿನ ಕೊನೆಗೆ ಹೊಲಿಗೆ ಚಿಕ್ಕದು ಮಾಡಿ ನಿಲ್ಲಿಸುತ್ತೇನೆ. ಅದುರಿ ಅದುರಿ ಸೂಜಿಯ ಸ್ಕ್ರೂ ಸಡಿಲ ಆಗುತ್ತದೆ, ಹಾಗಾಗಿ ಬಾಬಿನ್ ಬದಲಿಸುವಾಗೆಲ್ಲ ಒಮ್ಮೆ ಬಿಗಿ ಮಾಡುತ್ತೇನೆ.

ಬರೀ ಬ್ಲೌಸ್, ಫಾಲ್ ಹೊಲಿಯುವವರು ಇದಕ್ಕೆ ದುಡ್ಡು ಹಾಕಬೇಡಿ. ಕೌದಿಗೆ ಬೇಕು ಅಂದರೆ ನಿಮ್ಮ ಮಷಿನ್‌ನ ಹಳೆ ಫೂಟ್ ಬಿಚ್ಚಿ ಅಂಗಡಿಗೆ ಒಯ್ಯಿರಿ. ಫೂಟ್ ಕೂರುವ ಕಂಬಿಯ ಎತ್ತರ ಎಲ್ಲ ಮಷಿನ್‌ಗೂ ಒಂದೇ ಇರಲ್ಲ, ಪಕ್ಕದಲ್ಲಿಟ್ಟು ಅಳೆದು ನೋಡಿಯೇ ತಗೊಳ್ಳಿ.